ಸಾಕಮ್ಮನ ಹೆಗಲು, ಸಣ್ಣೀರನ ಬರಹ

ಕಲ್ಲುಮಂಟಿಯ ಹೂವಿನ ಸಾಕಮ್ಮನಿಗೆ ಒಬ್ಬನೇ ಮಗ, ಸಣ್ಣೀರ. ಒಬ್ಬನೇ ಆದದ್ದು ಊರಿನ ಪುಣ್ಯ. ಇಪ್ಪತ್ತಾರು ವರ್ಷದ ಆಳು, ಮೈ ತುಂಬ ಕಸುವು, ನಾಲ್ಕನೇ ಕ್ಲಾಸಿನವರೆಗೆ ಓದಿ ಕಲಿತ ದುಂಡನೆಯ ಅಕ್ಷರ. ಅವ್ವನ ಮಾತನ್ನು ಎಂದೂ ಮೀರಿದವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹಾಲು ಉಕ್ಕುತ್ತೇನೋ ನೋಡು ಎಂದರೆ, ಉಕ್ಕಿ ಸುರಿದು ಒಲೆ ಆರುವವರೆಗೂ ನೋಡಿ, ಆಮೇಲೆ ಉಕ್ಕಿತು ಅವ್ವ ಎನ್ನುತ್ತಿದ್ದ. ಸಾಕಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹಣೆ ಚಚ್ಚಿಕೊಳ್ಳಲೂ ಕೈ ಏಳದ ಕಾಲ ಬಂತು. ಬಲಗಡೆಯ ಹೆಗಲು ಕಲ್ಲಾಗಿ ಕೂತಿತು. ಎಣ್ಣೆ ತೀಡಿದಳು, ಉಪ್ಪಿನ ಶಾಖ ಕೊಟ್ಟಳು, ಮುಲಾಮು ಮೆತ್ತಿದಳು. ಜಗ್ಗಲಿಲ್ಲ. ಊರಿಗೆ ಬರುವ ನರ್ಸಮ್ಮ ಹೆಗಲು ಒತ್ತಿ ನೋಡಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಆರು ವರ್ಷ ಎಂದಳು ಸಾಕಮ್ಮ. ಆರು ವರ್ಷದ ಹಿಂದೆ ಏನಾಯಿತು ಎಂದು ಕೇಳಿದಳು. ಆಗ ಹೊರಬಿತ್ತು. ಆ ವರ್ಷ ಸಾಕಮ್ಮನ ತಾಯಿ ತೀರಿಕೊಂಡಿದ್ದಳು. ಒಂದು ಮೈಲಿ ಆಚೆ ಹುಣಸೆಪಾಳ್ಯದಲ್ಲಿರುವ ಅಕ್ಕ ಚೌಡಮ್ಮ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಸತ್ತ ಸುದ್ದಿಯನ್ನು ಮಾರನೇ ದಿನ ಹೇಳಿ ಕಳಿಸಿದೆಯಲ್ಲ, ನೀನು ತಂಗಿಯೇನೇ ಎಂದು ಹೋದವಳು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

“ಮನಸ್ಸಲ್ಲಿ ಅದುಮಿ ಇಟ್ಟಿದ್ದು ಮೈಯಲ್ಲಿ ಗಂಟಾಗಿ ಕೂರುತ್ತೆ ಸಾಕಮ್ಮ. ದಿನಾ ಬೆಳಿಗ್ಗೆ ಒಂದು ಗಳಿಗೆ ಕೂತು, ಒಳಗಿರೋದನ್ನ ಒಂದು ಪುಸ್ತಕದಲ್ಲಿ ಬರೀರಿ. ಹಗುರಾಗುತ್ತೆ,” ಎಂದಳು ನರ್ಸಮ್ಮ.

ಸಾಕಮ್ಮನಿಗೆ ಅಕ್ಷರ ಬಾರದು. ಸಣ್ಣೀರನಿಗೆ ಬರುತ್ತದೆ. ಅಲ್ಲಿಗೆ ಕತೆ ಶುರುವಾಯಿತು ಅನ್ನಿ.

ಮೊದಲ ದಿನ ಅವಳು ಜಗಲಿಯ ಮೇಲೆ ಕಣ್ಣು ಮುಚ್ಚಿ ಮಲಗಿ, ನಾನು ಅಂದದ್ದನ್ನು ಒಂದಕ್ಷರ ಬಿಡದೆ ಬರಿ, ಸಾಕು ಅನ್ನುವವರೆಗೆ ಬೇರೆ ಕಡೆ ತಿರುಗಬೇಡ ಎಂದಳು. ನನ್ನ ಹೆಗಲು ನೋವು ಎಂದಳು, ಬರೆದ. ನನ್ನ ಹಣೆಬರಹವೇ ಇಷ್ಟು ಎಂದಳು, ಬರೆದ. ಅದೇನೋ ಪಕ್ಕದಲ್ಲಿ ಕರಕರ ಸದ್ದು ಎಂದಳು, ಅದನ್ನೂ ಬರೆದ. ಕಣ್ಣು ಬಿಟ್ಟು ನೋಡಿದರೆ ಮೇಕೆಯೊಂದು ಕಟ್ಟಿಟ್ಟ ಕನಕಾಂಬರವನ್ನೆಲ್ಲ ಮೇದು, ಬುಟ್ಟಿ ನೆಕ್ಕುತ್ತಿತ್ತು.

ಕಂಡರೂ ಸುಮ್ಮನೆ ಕೂತೆಯೇನೋ ಎಂದು ಬೈದಳು. ಕಂಡದ್ದನ್ನು ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಕೂಗಬೇಕು ಎಂದು ಬುದ್ಧಿ ಹೇಳಿದಳು. ಆಗಲಿ ಅವ್ವ ಎಂದ ಸಣ್ಣೀರ.

ಎರಡನೇ ದಿನ ಸಾಕಮ್ಮ ದನಿ ತಗ್ಗಿಸಿ ಪಕ್ಕದ ಮನೆ ರುದ್ರವ್ವನ ವಿಚಾರ ತೆಗೆದಳು. ಒಂದು ಬಟ್ಟಲು ಸಾರಿನ ಪುಡಿ ಕಡ ಒಯ್ಯುತ್ತಾಳೆ, ಅರ್ಧ ಬಟ್ಟಲು ಹಿಂದಕ್ಕೆ ಕೊಡುತ್ತಾಳೆ, ಅದರಲ್ಲೂ ಬರೀ ಕೊತ್ತಂಬರಿ ಬೀಜ ಎಂದಳು. ಸಣ್ಣೀರ ಬರೆದ. ಬರೆದ ಸಾಲು ಕಣ್ಣಿಗೆ ಕಂಡಿತಲ್ಲ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಬೀದಿಗೆ ಕೇಳಿತು. ರುದ್ರವ್ವನಿಗೂ ಕೇಳಿತು. ಅವಳು ಡಬ್ಬದ ಪುಡಿಯನ್ನೆಲ್ಲ ತಂದು ಜಗಲಿಯ ಮೇಲೆ ಸುರಿದು ಹೋದಳು.

ಅವತ್ತು ಬಿದ್ದ ಬೈಗುಳ ಸಣ್ಣದಲ್ಲ. ಕೊನೆಗೆ ಸಾಕಮ್ಮ, ಕಾಗದದಲ್ಲಿ ಏನು ಬರೆದಿದ್ದರೂ ಬಾಯಿ ಬಿಡಬಾರದು, ಯಾರ ಕಣ್ಣಿಗೂ ಬೀಳದ ಕಡೆ ಅಡಗಿಸಿಡಬೇಕು ಎಂದಳು. ಆಗಲಿ ಅವ್ವ ಎಂದ.

ಆ ವಾರವೇ ಸಾಕಮ್ಮ ಹೂ ಕೊಯ್ಯಲು ಹೋಗಿದ್ದಾಗ ಹುಣಸೆಪಾಳ್ಯದಿಂದ ಒಬ್ಬ ಬಂದು ಒಂದು ಕಾಗದ ಕೊಟ್ಟು ಹೋದ. ಚೌಡಮ್ಮನ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರ. ಮೇಲೆ ಸಾಕಮ್ಮನ ಹೆಸರು. ಆರು ವರ್ಷದಲ್ಲಿ ಆ ಮನೆಯಿಂದ ಬಂದ ಮೊದಲನೇ ಕರೆ. ಸಣ್ಣೀರ ಬಾಯಿ ಬಿಡಲಿಲ್ಲ. ರಾಗಿ ತುಂಬಿದ ಗುಡಾಣದ ತಳಕ್ಕೆ ತೂರಿಸಿಟ್ಟ. ರಾಗಿ ತೆಗೆಯುವಾಗ ಸಾಕಮ್ಮನ ಕೈಗೆ ಅದು ಸಿಕ್ಕಿ, ಮಗನಿಂದ ಓದಿಸಿದಾಗ ಶಾಸ್ತ್ರ ಮುಗಿದು ಎಂಟು ದಿನ ಆಗಿತ್ತು.

ಕರೆದರೂ ಬರಲಿಲ್ಲ ಅಂದುಕೊಂಡಿರುತ್ತಾಳೆ ಅಕ್ಕ, ಇನ್ನು ಮುಗಿಯಿತು ಎಂದು ಸಾಕಮ್ಮ ಗೋಡೆಗೆ ಒರಗಿದಳು. ಹೆಗಲು ಕಿವಿಯ ತನಕ ಏರಿ ನಿಂತಿತು. ಮಗನನ್ನು ಹತ್ತಿರ ಕರೆದು ಹೇಳಿದಳು. “ಕಾಗದದ ಮೇಲೆ ಯಾರ ಹೆಸರೈತೋ ಅವರ ಕೈಗೆ ಓಡೋಗಿ ಮುಟ್ಟಿಸ್ಬೇಕು ಕಣ್ಲಾ. ಅವರು ಏನೇ ಮಾಡ್ತಿರ್ಲಿ, ಕಾಯ್ಬಾರ್ದು.”

ಆಗಲಿ ಅವ್ವ ಎಂದ.

ಮತ್ತೆ ಬಂದ ನರ್ಸಮ್ಮ ಹೆಗಲು ನೋಡಿ ಹೌಹಾರಿದಳು. ಮೇಲುಮೇಲಿನದು ಬಿಡಿ, ನಿಮ್ಮಕ್ಕ ಎದುರಿಗೇ ಕೂತಿದ್ದಾಳೆ ಅಂದುಕೊಂಡು ಅವಳಿಗೇ ಬರೀರಿ, ಬರೆದಾದ ಮೇಲೆ ಬೇಕಾದರೆ ಒಲೆಗೆ ಹಾಕಿ ಎಂದಳು. ಮಾರನೇ ಬೆಳಿಗ್ಗೆ ಸಾಕಮ್ಮ ಮಗನನ್ನು ಕೂರಿಸಿಕೊಂಡು, ಅಕ್ಕಾ ಚೌಡಕ್ಕಾ ಎಂದು ಶುರು ಮಾಡಿದಳು.

“ಅವ್ವ ಹೋದ ದಿನ ನಾನು ತಡವಾಗಿ ಹೇಳಿ ಕಳಿಸ್ಲಿಲ್ಲ ಕಣೆ. ಹೊತ್ತು ಹುಟ್ಟೋಕ್ ಮುಂಚೆನೇ ಕಳಿಸ್ದೆ. ಲೋ, ಇಲ್ಲಿಂದಾಚೆಗೆ ಬರೀಬ್ಯಾಡ.” ಆ ಮಾತನ್ನೂ ಬರೆದ ಸಣ್ಣೀರ. ಸಾಕಮ್ಮ ಕಣ್ಣು ಮುಚ್ಚಿಕೊಂಡೇ ಹೇಳುತ್ತಾ ಹೋದಳು. “ಇವನನ್ನೇ ಕಳಿಸ್ದೆ. ಸುದ್ದಿ ಕೇಳಿದ್ರೆ ಅಕ್ಕ ಅನ್ನ ಮುಟ್ಟಲ್ಲ, ಅವಳು ಉಂಡಾದ್ಮೇಲೆ ಹೇಳು, ಅಲ್ಲೀಗಂಟ ಮೊಕ ತೋರಿಸ್ಬ್ಯಾಡ ಅಂದೆ. ಅವತ್ತು ಶಿವರಾತ್ರಿ, ನಿಂದು ಉಪವಾಸ. ಆ ಸಂಕಟದಾಗೆ ನಂಗೆ ನೆಪ್ಪೇ ಬರ್ಲಿಲ್ಲ. ಮಾರನೇ ದಿನ ನೀನು ಉಣ್ಣೋಗಂಟ ಇವನು ನಿಮ್ಮ ಬಣವೆ ಹಿಂದೆ ಕುಂತಿದ್ದ. ನಿಂಗೆ ಇದು ಗೊತ್ತಾದ್ರೆ ಇವನ ಮೊಕ ನೋಡಲ್ಲ ಅಂತ ತಪ್ಪೆಲ್ಲ ನನ್ ಮೇಲೆ ಹಾಕ್ಕಂಡೆ. ನಾನು ಹೋದ್ಮೇಲೆ ಇವನಿಗೆ ದಿಕ್ಕು ಅಂತ ಇರೋಳು ನೀನೊಬ್ಳೇ.”

ಹೇಳಿ ಮುಗಿಸಿ ಅತ್ತಳು. ಅತ್ತು ಮುಗಿದಾಗ ಹೆಗಲು ಒಂದು ಬೆರಳಷ್ಟು ಇಳಿದಿತ್ತು, ನರ್ಸಮ್ಮ ಸುಳ್ಳು ಹೇಳಿರಲಿಲ್ಲ. ಸರಿ, ಇದನ್ನು ಒಲೆಗೆ ಹಾಕಿಬಿಡೋಣ ಎಂದು ಬೆಂಕಿಪೊಟ್ಟಣ ತರಲು ಒಳಗೆ ಹೋದಳು. ಹೊರಗೆ ಬಂದರೆ ಪುಸ್ತಕವೂ ಇಲ್ಲ, ಮಗನೂ ಇಲ್ಲ. ಹಾಳೆಯ ಮೇಲೆ ಚೌಡಕ್ಕನ ಹೆಸರಿತ್ತಲ್ಲ.

ಹುಣಸೆಪಾಳ್ಯದಲ್ಲಿ ಚೌಡಮ್ಮ ಮುದ್ದೆ ಮುರಿಯುತ್ತಿದ್ದಳು. ಕಾಯಬಾರದು ಎಂದು ಅವ್ವ ಹೇಳಿದ್ದಳು, ಸಣ್ಣೀರ ಕಾಯಲಿಲ್ಲ. ನೇರವಾಗಿ ಒಳನುಗ್ಗಿ ಅವಳ ಎಂಜಲು ಕೈಗೇ ಪುಸ್ತಕ ಇಟ್ಟ. ನಂಗೆಲ್ಲಿ ಓದು ಬರುತ್ತೆ, ನೀನೇ ಓದು ಎಂದಳು ಅವಳು, ಮುಖ ಬಿಗಿದುಕೊಂಡು. ಅವನು ಒಂದಕ್ಷರ ಬಿಡದೆ ಓದಿದ. ಬರೀಬ್ಯಾಡ ಎಂದದ್ದನ್ನೂ ಓದಿದ.

ಚೌಡಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. “ಒಂದು ಹಗಲು ಒಂದು ರಾತ್ರಿ ಬಣವೆ ಹಿಂದೆ ಕುಂತಿದ್ಯಲ್ಲೋ, ಹೊಟ್ಟೆಗೇನು ತಿಂದೆ?”

“ಏನೂ ಇಲ್ಲ ದೊಡ್ಡಮ್ಮ. ಅವ್ವ ತಿನ್ನು ಅಂದಿರ್ಲಿಲ್ಲ.”

ಅವಳು ಕೈ ಕೂಡ ತೊಳೆಯಲಿಲ್ಲ. ಎದ್ದವಳೇ ಅವನ ರಟ್ಟೆ ಹಿಡಿದುಕೊಂಡು ಕಲ್ಲುಮಂಟಿಗೆ ನಡೆದಳು. ಅಕ್ಕತಂಗಿಯರು ಅವತ್ತು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅಕ್ಕ ತಂಗಿಯ ಹೆಗಲಿಗೆ ಎಣ್ಣೆ ತೀಡುತ್ತಾ ಸಂಜೆಯವರೆಗೂ ಬೈದಳಂತೆ, ತಂಗಿ ಅಳುತ್ತಾ ಬೈಸಿಕೊಂಡಳಂತೆ. ಹೊರಡುವಾಗ ಚೌಡಮ್ಮ ಸಣ್ಣೀರನ ತಲೆ ಸವರಿ, ಇನ್ನು ಮೇಲೆ ನಿಮ್ಮವ್ವನಿಗೆ ಏನಾದರೂ ಆಗುವುದಕ್ಕೆ ಮುಂಚೆಯೇ ಬಂದು ನನಗೆ ಹೇಳಬೇಕು ಎಂದಳು. ಆಗಲಿ ದೊಡ್ಡಮ್ಮ ಎಂದ.

ಮಾರನೇ ಬೆಳಿಗ್ಗೆ ಸಣ್ಣೀರ ಒಂದು ಮೈಲಿ ಓಡಿ ಚೌಡಮ್ಮನ ಬಾಗಿಲಲ್ಲಿ ನಿಂತ. ದೊಡ್ಡಮ್ಮ, ಅವ್ವ, ಎಂದ. ಏದುಸಿರಿನಲ್ಲಿ ಮುಂದಿನ ಮಾತು ಹೊರಡಲಿಲ್ಲ. ಚೌಡಮ್ಮ ಮಜ್ಜಿಗೆ ಕಡೆಯುತ್ತಿದ್ದ ಕಡಗೋಲು ಬಿಸಾಕಿ, ಬರಿಗಾಲಲ್ಲಿ ಬಾಯಿ ಬಡಿದುಕೊಳ್ಳುತ್ತಾ ಓಡಿದಳು. ಕಲ್ಲುಮಂಟಿಗೆ ಬಂದು ನೋಡಿದರೆ ಸಾಕಮ್ಮ ಜಗಲಿಯ ಮೇಲೆ ಕೂತು ಸೇವಂತಿಗೆ ಕಟ್ಟುತ್ತಿದ್ದಾಳೆ. ಇವಳಿಗೇನಾಗಿದೆಯೋ ಎಂದು ಕೇಳಿದಳು ಚೌಡಮ್ಮ, ಎದೆ ಹಿಡಿದುಕೊಂಡು.

“ಇನ್ನೂ ಏನೂ ಆಗಿಲ್ಲ ದೊಡ್ಡಮ್ಮ. ಆಗೋಕ್ ಮುಂಚೆನೇ ಹೇಳು ಅಂದ್ಯಲ್ಲ.”

ಅವತ್ತು ಇಬ್ಬರೂ ಸೇರಿ ಬೈದರು. ಬೈದು ಸುಸ್ತಾಗಿ ಚೌಡಮ್ಮ ಅಲ್ಲೇ ಕೂತು ಒಂದು ಹಿಡಿ ಹೂ ಮಡಿಲಿಗೆ ಎಳೆದುಕೊಂಡಳು. ಮಾರನೇ ದಿನವೂ ಅವನು ಓಡಿದ, ಅದರ ಮಾರನೇ ದಿನವೂ ಓಡಿದ. ಈಗಲೂ ದಿನಾ ಬೆಳಿಗ್ಗೆ ಹುಣಸೆಪಾಳ್ಯಕ್ಕೆ ಓಡಿ, ಅವ್ವನಿಗೆ ಇನ್ನೂ ಏನೂ ಆಗಿಲ್ಲ ಎಂದು ಹೇಳುತ್ತಾನೆ. ಚೌಡಮ್ಮ ಹೌದೇನೋ ಎಂದು ಕೇಳಿ, ಕಣ್ಣಾರೆ ನೋಡಿಕೊಂಡು ಬರುತ್ತೇನೆ ಎಂದು ಅವನ ಹಿಂದೆ ಹೊರಡುತ್ತಾಳೆ. ಇನ್ನು ಓಡಬೇಡ ಎಂದು ಇಬ್ಬರಲ್ಲಿ ಒಬ್ಬಳೂ ಅವನಿಗೆ ಈವರೆಗೆ ಹೇಳಿಲ್ಲ.