ಅವ್ವನ ಪ್ರಾಣ ಪೈಪಿನಲ್ಲಿ

ನಗೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಒಂದೂರಲ್ಲಿ ನಿಂಗಾಜಮ್ಮ ಅಂತ ಒಬ್ಬಳು ಇದ್ದಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ಅವ್ವನಿಗೆ ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು, ಮಗನಿಗೆ ಎತ್ತಿನಂಥ ಮೈ. ತಲೆ ಮಾತ್ರ ಕೇಳಬೇಡಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿ ಇಲ್ಲ.

ಒಂದಿನ ಅವ್ವ, "ಸೊಪ್ಪು ಬಾಡದಂಗೆ ನೀರು ಚಿಮುಕಿಸ್ತಾ ಇರ್ಲಾ" ಅಂದಳು. ಚಿಮುಕಿಸಿದ. ಮೇಷ್ಟ್ರ ಹೆಂಡತಿ ಒಂದು ಕಟ್ಟು ಕೊಂಡು ಮನೆಗೆ ಹೊರಟಳು. ಇವನೂ ಚೊಂಬು ಹಿಡಿದು ಹಿಂದೆ ಹೊರಟ. ಬೀದಿಯಲ್ಲಿ ಚಿಮುಕಿಸಿದ, ಜಗುಲಿಯಲ್ಲಿ ಚಿಮುಕಿಸಿದ, ಅಡುಗೆಮನೆಗೆ ನುಗ್ಗಿ ಕಾದ ಬಾಣಲೆಯೊಳಗೂ ಚಿಮುಕಿಸಿದ. ಎಣ್ಣೆ ಚಟಪಟ ಸಿಡಿದು ಮೇಷ್ಟ್ರ ಮನೆಯವರೆಲ್ಲ ಬೀದಿಗೆ ಬಂದರು.

"ಅಯ್ಯೋ ನನ್ನ ಕರ್ಮವೇ! ಯಾಕ್ಲಾ ಹಿಂಗ್ ಮಾಡ್ದೆ?"

"ಚಿಮುಕಿಸ್ತಾ ಇರು ಅಂದೆಯಲ್ಲವ್ವಾ! ನಿಲ್ಸು ಅಂತ ಅನ್ನಲೇ ಇಲ್ವಲ್ಲ!"

ನಿಂಗಾಜಮ್ಮ ಹಣೆ ಚಚ್ಚಿಕೊಂಡು ಒಂದು ಚಿಟಿಕೆ ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡಳು. ಮಗನ ಮೇಲೆ ಬೇಜಾರಾದಾಗ ಹೊಗೆಸೊಪ್ಪು. ಮಗ ದಿನಾ ಬೇಜಾರು ಮಾಡೋನು, ಹಾಗಾಗಿ ದಿನಾ ಹೊಗೆಸೊಪ್ಪು. ಊಟಕ್ಕೆ ಉಪ್ಪಿನಕಾಯಿ, ಉಪ್ಪುಮೀನು. ಬೆಳಗಿನಿಂದ ಬೈಗಿನತನಕ ಸೊಪ್ಪಿನ ಕುಕ್ಕೆ ಮುಂದೆ ಕೂತಿರೋದು. ನಡುನಡುವೆ ಪಕ್ಕದ ಮನೆ ಚೌಡಮ್ಮನ ಜೊತೆ ಕೋಳಿ ವಿಷಯಕ್ಕೆ ಜಗಳ. ಹೀಗಿದ್ದೋಳು ಒಂದಿನ ಸೊಪ್ಪು ಕುಯ್ದು ಎದ್ದಳು, ಕಣ್ಣಿಗೆ ಕತ್ತಲೆ ಕವಿಯಿತು, ದಂಟಿನ ಮಡಿ ಮೇಲೇ ಬಿದ್ದುಬಿಟ್ಟಳು.

ಜವರ ಅವ್ವನನ್ನು ಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೆಗಲ ಮೇಲೆ ಹಿತ್ತಲಿಗೆ ನೀರು ಹಾಯಿಸೋ ರಬ್ಬರ್ ಪೈಪು. ಯಾಕೆ ಅಂತೀರಾ? ಪೇಟೆಗೆ ಹೋದಾಗ ಪೈಪಿಗೆ ತೇಪೆ ಹಾಕಿಸಿಕೊಂಡು ಬಾ ಅಂತ ಅವ್ವ ಹಿಂದೆ ಯಾವತ್ತೋ ಹೇಳಿದ್ದಳು. ಈಗ ಪೇಟೆಗೆ ಹೋದನಲ್ಲ!

ಡಾಕ್ಟ್ರಮ್ಮ ನಿಂಗಾಜಮ್ಮನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ಜವರನ ಹೆಗಲ ಮೇಲಿದ್ದ ಪೈಪಿನ ತುದಿ ಹಿಡಿದು ಹೇಳಿದರು: "ನೋಡಮ್ಮ, ನಿನ್ನ ಮೈಯೊಳಗೂ ಇಂಥ ಪೈಪುಗಳಿವೆ, ಗುಂಡಿಗೆಯಿಂದ ಬೆರಳ ತುದಿತನಕ. ರಕ್ತನಾಳ ಅಂತೀವಿ. ಎಳೇ ವಯಸ್ಸಲ್ಲಿ ಮೆತ್ತಗಿರುತ್ತವೆ. ಗುಂಡಿಗೆ ರಕ್ತ ತಳ್ಳಿದಾಗ ಹಿಗ್ಗುತ್ತವೆ, ಬಿಟ್ಟಾಗ ಕುಗ್ಗುತ್ತವೆ. ವಯಸ್ಸಾಗ್ತಾ ಈ ಹಳೇ ಪೈಪಿನ ಹಾಗೇ ಬಿರುಸಾಗುತ್ತವೆ, ಒಳಗೆ ಜಿಡ್ಡೂ ಕಟ್ಟಿಕೊಳ್ಳುತ್ತೆ. ನಿನಗೆ ಬಿಪಿ ತುಂಬಾ ಏರಿದೆ. ಹೀಗೇ ಬಿಟ್ಟರೆ ಎಲ್ಲೋ ಕಟ್ಟಿಕೊಳ್ಳುತ್ತೆ, ಇಲ್ಲಾ ಒಡೆಯುತ್ತೆ."

ನಿಂಗಾಜಮ್ಮ ಮಗನ ಕಡೆ ನೋಡಿದಳು. ಅವನು ಬಾಯಿ ತೆರೆದುಕೊಂಡು ಪೈಪನ್ನೇ ನೋಡ್ತಿದ್ದ. ನಾನು ಹೋದರೆ ಈ ಪೆದ್ದನಿಗೆ ಅನ್ನ ಹಾಕೋರು ಯಾರು? ಅವಳಿಗೆ ಅದೊಂದೇ ಭಯ.

"ಇದಕ್ಕೆ ದಾರಿ ಇಲ್ವಾ, ತಾಯೀ?"

"ವಯಸ್ಸಾಗೋದನ್ನ ನಿಲ್ಲಿಸೋಕಾಗಲ್ಲ. ನಿಧಾನ ಮಾಡೋಕೆ ಆಗಬಹುದು. ಮಾತ್ರೆ ತಪ್ಪಿಸಬೇಡ. ಉಪ್ಪು ಕಮ್ಮಿ ಮಾಡು. ಹೊಗೆಸೊಪ್ಪು ವಿಷ, ಮುಟ್ಟಬೇಡ. ದಿನಾ ಚೆನ್ನಾಗಿ ನಡಿ, ಹೊತ್ತಿಗೆ ಸರಿಯಾಗಿ ಮಲಗು, ಕೂಗಾಟ ಬಿಡು." ಆಮೇಲೆ ಪೈಪಿನ ತುದಿಯನ್ನು ಜವರನ ಕೈಗಿಟ್ಟು, "ಕೇಳಿಸ್ಕೊಂಡೆಯೇನಪ್ಪ? ಇನ್ಮೇಲೆ ನೀನೇ ಜೋಪಾನ ಮಾಡಬೇಕು" ಅಂದರು.

ಜವರ ಪೈಪಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಚಿಕ್ಕವನಿದ್ದಾಗ ಅವ್ವ ಕತೆ ಹೇಳಿದ್ದಳು. ರಾಕ್ಷಸ ಇಲ್ಲಿ, ಅವನ ಪ್ರಾಣ ಏಳು ಸಮುದ್ರದಾಚೆ ಗಿಣಿಯೊಳಗೆ!

"ಅಬ್ಬಬ್ಬಾ! ರಾಕ್ಷಸನ ಪ್ರಾಣ ಗಿಣೀಲಿ, ನಮ್ಮವ್ವನ ಪ್ರಾಣ ಪೈಪಲ್ಲಿ! ಇದನ್ನ ಇಷ್ಟು ದಿನ ಕೆಸರಲ್ಲಿ ಎಳೆದಾಡ್ದೆನಲ್ಲಪ್ಪೋ!"

ಪೈಪನ್ನು ಕಣ್ಣಿಗೊತ್ತಿಕೊಂಡ. ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಊರಿಗೆ ಬಂದ. "ಪೈಪೇ ಬೇರೆ, ನಾನೇ ಬೇರೆ ಕಣ್ಲಾ" ಅಂತ ಅವ್ವ ದಾರಿಯುದ್ದಕ್ಕೂ ಬಡಕೊಂಡಳು. ಕೇಳಿದನೇ? ಡಾಕ್ಟ್ರಮ್ಮ ಹೇಳವ್ರೆ, ಮುಗೀತು.

ಮನೆಗೆ ಬಂದವನೇ ಮೊದಲು ಉಪ್ಪಿನ ಕಡೆ ಹೋದ. ಪೈಪಿಗೆ ಉಪ್ಪಿನ ಗಾಳಿಯೂ ಸೋಕಬಾರದು ಅಂತ ಉಪ್ಪಿನ ಮಡಕೆ, ಉಪ್ಪಿನಕಾಯಿ ಜಾಡಿ, ಉಪ್ಪುಮೀನಿನ ಗಂಟು ಎಲ್ಲ ಹೊತ್ತು ಊರಾಚೆ ಮನೆಗಳಿಗೆ ಹಂಚಿಬಿಟ್ಟ. ನಿಂಗಾಜಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟಳು. ಸಪ್ಪೆ! ಬರೀ ಸಪ್ಪೆ!

"ಥೂ, ಮುಂಡೇದೇ! ಮನೆ ಸಾಮಾನು ಊರಿಗೆ ಹಂಚ್ತಾರೇನ್ಲಾ? ಇನ್ಮೇಲೆ ಏನೇ ಇದ್ರೂ ಹೊರಕ್ಕೆ ಕೊಡಬ್ಯಾಡ. ನಮ್ಮ ಜಾಗದಲ್ಲೇ, ಯಾರ ಕೈಗೂ ಸಿಗದಂಗೆ ಇಡು!"

"ಆಗ್ಲವ್ವಾ!"

ಮಾರನೇ ದಿನ ಅವನಿಗೆ ಹೊಗೆಸೊಪ್ಪು ನೆನಪಾಯಿತು. ವಿಷ! ಹೊರಕ್ಕೆ ಕೊಡೋ ಹಾಗಿಲ್ಲ. ನಮ್ಮ ಜಾಗದಲ್ಲೇ ಇರಬೇಕು, ಯಾರ ಕೈಗೂ ಸಿಗಬಾರದು. ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿದ, ಹೊಗೆಸೊಪ್ಪನ್ನೆಲ್ಲ ಹೂತ, ಮೇಲೆ ಮೆಂತ್ಯ ಚೆಲ್ಲಿದ. ಅವ್ವ ಬಾಯಿ ಒಣಗಿ ಬಂದಳು. ಚೀಲ ತಡಕಿದಳು, ಮಾಡ ತಡಕಿದಳು. ವಿಷಯ ತಿಳಿದು ಗುದ್ದಲಿ ಹಿಡಿದು ಅಗೆದಳು. ಬೆವರು ಕಿತ್ತುಕೊಂಡು ಬಂತೇ ಹೊರತು ಹೊಗೆಸೊಪ್ಪು ಸಿಗಲಿಲ್ಲ.

"ಕದ್ದು ಮುಚ್ಚಿ ಇಂಥ ಕೆಲಸ ಮಾಡ್ತೀಯೇನ್ಲಾ? ಇನ್ಮೇಲೆ ಏನೇ ಮಾಡಿದ್ರೂ ಊರೋರೆಲ್ಲ ನೋಡಂಗೆ ಮಾಡು!"

"ಆಗ್ಲವ್ವಾ!"

ಊರೋರೆಲ್ಲ ನೋಡಿದರು ನೋಡಿ! ಬೆಳಗಾಗ್ತಲೇ ಜವರ ಪೈಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ, ಹೆಗಲ ಮೇಲೆ ಹಾಕಿಕೊಂಡ, ನಡೆಸೋಕೆ ಹೊರಟ. ಬೀದಿ ಬೀದಿ ಸುತ್ತಿದ. "ದಾರಿ ಬುಡಿ, ದಾರಿ ಬುಡಿ! ನಮ್ಮವ್ವನ ಪ್ರಾಣ ನಡೀತಾ ಐತೆ!" ನಿಂಗಾಜಮ್ಮ ಮಾನ ಹೋಯಿತು ಅಂತ ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದಳು. ಕೆರೆ ಏರಿ ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು. ಮಾರನೇ ದಿನವೂ ಅಷ್ಟೇ. ಅವನು ಮುಂದೆ, ಪೈಪು ಹೆಗಲ ಮೇಲೆ, ಅವ್ವ ಹಿಂದೆ. ಬಿಟ್ಟರೆ ಎಲ್ಲಿಗೆ ಹೋಗಿಬಿಡ್ತಾನೋ ಅನ್ನೋ ಭಯ ಅವಳಿಗೆ. ನಡೀತಾ ನಡೀತಾ ಏದುಸಿರು ಕಮ್ಮಿಯಾಯಿತು. ಏರಿ ಮೇಲೆ ಅವನಿಗಿಂತ ಮುಂದೆ ನಿಂತು ಬೈಯೋಕೆ ಶುರು ಮಾಡಿದಳು. ಅದು ಅವಳ ಗಮನಕ್ಕೇ ಬರಲಿಲ್ಲ, ಪಾಪ.

"ಅರಚಬ್ಯಾಡ ಕಣ್ಲಾ! ಪಿಸುಮಾತಲ್ಲಿ ಆಡು! ಎಲ್ಲಾರೂ ಪಿಸುಮಾತಲ್ಲಿ ಆಡಿದ್ರೆ ಏನ್ ಹೋಯ್ತದೆ?"

"ಆಗ್ಲವ್ವಾ!"

ನಡಿಗೆ ಮುಗಿದ ಮೇಲೆ ಪೈಪಿಗೆ ನಿದ್ದೆ. ಅದನ್ನು ಹಿತ್ತಲ ಹೊಂಗೆ ಮರದ ಕವಲಿಗೆ, ತಣ್ಣಗೆ ನೆರಳಲ್ಲಿ ಏರಿಸಿ, ಮೇಲೊಂದು ದುಪ್ಪಟಿ ಹೊದಿಸಿ ಕೆಳಗೆ ಕಾವಲು ಕೂತ. ಅಷ್ಟರಲ್ಲಿ ಚೌಡಮ್ಮನ ಕೋಳಿ ಬಂದು ಮೆಂತ್ಯದ ಮಡಿ ಕೆದಕಿತು. ನಿಂಗಾಜಮ್ಮ ಸೊಂಟಕ್ಕೆ ಕೈ ಕೊಟ್ಟಳು. ಚೌಡಮ್ಮನೂ ಕೊಟ್ಟಳು. ಇನ್ನೇನು ಬಾಯಿ ತೆಗೀಬೇಕು, ಜವರ ನಡುವೆ ಹಾರಿ ಇಬ್ಬರ ಬಾಯಿಗೂ ಅಂಗೈ ಒತ್ತಿದ.

"ಶ್! ಪೈಪು ಮಲಗೈತೆ! ಎಲ್ಲಾರೂ ಪಿಸುಮಾತಲ್ಲೇ ಆಡಬೇಕು ಅಂತ ಅವ್ವನೇ ಹೇಳವ್ಳೆ. ಮೆಲ್ಲಗೆ ಬಯ್ಕೊಳ್ಳಿ!"

"ನಿನ್ನ ಕೋಳಿ ಕುತ್ತಿಗೆ ಮುರೀತೀನಿ ಕಣೇ" ಅಂತ ನಿಂಗಾಜಮ್ಮ ಪಿಸುಗುಟ್ಟಿದಳು.

"ನಿನ್ನ ಸೊಪ್ಪಿಗೆ ಹುಳ ಬೀಳ" ಅಂತ ಚೌಡಮ್ಮ ಪಿಸುಗುಟ್ಟಿದಳು.

ಪಿಸುಮಾತಲ್ಲಿ ಜಗಳ ಆಡಿದ್ದೀರಾ ಯಾವತ್ತಾದರೂ? ಆಗೋದಿಲ್ಲ. ಚೌಡಮ್ಮನಿಗೆ ನಗು ಬಂತು. ನಿಂಗಾಜಮ್ಮನಿಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಮರದ ಬುಡದಲ್ಲೇ ಕುಸಿದು ಕೂತರು.

ಹೀಗೇ ತಿಂಗಳುಗಳು ಕಳೆದವು. ಮಾತ್ರೆ ನುಂಗಿದಳು, ಸಪ್ಪೆ ಉಂಡಳು, ಮಗನ ಹಿಂದೆ ಊರು ಸುತ್ತಿದಳು. ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟ್ರಮ್ಮ ತೋಳಿಗೆ ಪಟ್ಟಿ ಸುತ್ತಿ ಕಣ್ಣರಳಿಸಿದರು.

"ಎಷ್ಟೊಂದು ಇಳಿದಿದೆಯಲ್ಲಮ್ಮ! ಏನು ಮಾಡಿದೆ?"

"ನಾನೇನ್ ಮಾಡ್ದೆ ತಾಯೀ, ಈ ಪೆದ್ದನ ಹಿಂದೆ ಅಲೆದದ್ದೇ ಬಂತು!"

ಜವರ ಪೈಪನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ, "ಇದಕ್ಕೂ ಪಟ್ಟಿ ಸುತ್ತಿ ನೋಡು ಡಾಕ್ಟ್ರಮ್ಮಾ" ಅಂದ. ಡಾಕ್ಟ್ರಮ್ಮ ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಕೊರಳಲ್ಲಿದ್ದ ಸ್ಟೆತಸ್ಕೋಪು ತೆಗೆದು ಅವನ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿ ನಿಂಗಾಜಮ್ಮನ ಎದೆ ಮೇಲಿಟ್ಟರು.

ಜವರ ಕಲ್ಲಾದ.

"ಅವ್ವಾ! ಒಳಗೆ ಯಾರೋ ಬಾಗಿಲು ಬಡೀತಾ ಅವ್ರೆ!"

"ಅದೇ ನಿಮ್ಮವ್ವನ ಗುಂಡಿಗೆ" ಅಂದರು ಡಾಕ್ಟ್ರಮ್ಮ. "ಅದು ತಳ್ಳಿದ ರಕ್ತವೇ ನಾಳದೊಳಗೆ ಓಡೋದು. ಪ್ರಾಣ ಇರೋದು ಇಲ್ಲಿ ಕಣಪ್ಪ, ನಿನ್ನ ಪೈಪಲ್ಲಲ್ಲ."

"ಯಾವಾಗ್ನಿಂದ ಬಡೀತಾ ಐತೆ?"

"ಅವಳು ಅವಳವ್ವನ ಹೊಟ್ಟೇಲಿದ್ದಾಗಿನಿಂದ."

"ಒಂದಿನಾನೂ ಕುಂತಿಲ್ವಾ? ಹಬ್ಬದ ದಿನ?"

"ಹಬ್ಬದ ದಿನವೂ ಕೂತಿಲ್ಲ."

"ಅವ್ವ ಮಲಗಿದ್ದಾಗ?"

"ಆಗಲೂ."

ಜವರ ಅವ್ವನ ಎದೆ ಕಡೆ ಇನ್ನಷ್ಟು ಬಾಗಿದ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಕೊನೆಗೆ ಕೇಳಿದ, "ಯಾರೂ ಹೇಳ್ದೇನೇ ಮಾಡ್ತದಾ?"

"ಯಾರೂ ಹೇಳದೇನೇ."

"ಅಬ್ಬಾ!"

ಹೇಳಿದ್ದನ್ನಷ್ಟೇ ಮಾಡೋ ಜವರನಿಗೆ ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ. ನನಗೂ ಇಲ್ಲ. ನೀವೇ ದವಡೆ ಕೆಳಗೆ ಬೆರಳಿಟ್ಟು ನೋಡಿಕೊಳ್ಳಿ. ಸಿಕ್ಕಿತೇ? ನಾವು ಇಲ್ಲಿ ಕತೆ ಹೇಳ್ತಾ ನಗ್ತಾ ಕೂತಿದ್ದೀವಿ, ಅದರ ಪಾಡಿಗೆ ಅದು ದುಡೀತಾ ಇದೆ. ಅದರ ದಾರಿ ಬಿರುಸಾದರೂ ದೂರು ಹೇಳದೆ ಇನ್ನಷ್ಟು ಜೋರಾಗಿ ತಳ್ಳುತ್ತೆ, ಅಷ್ಟೆ.

ಹೊರಡುವಾಗ ಡಾಕ್ಟ್ರಮ್ಮ ಹೇಳಿದರು: "ಇನ್ನು ಪೈಪು ಹಿತ್ತಲಿಗೆ ಹಾಕು, ಜವರ. ಅದನ್ನ ಹೇಗೆ ನೋಡ್ಕೊಂಡೆಯೋ ಹಾಗೇ ಅವ್ವನ್ನ ನೋಡ್ಕೋ."

"ಹಂಗೇನಾ?"

"ಹಾಗೇ!"

ನಿಂಗಾಜಮ್ಮನ ಎದೆ ಧಸಕ್ಕೆಂದಿತು. ಆದರೆ ಹೇಳಿದ್ದು ಹೇಳಿ ಆಗಿತ್ತು.

ಮಾರನೇ ಬೆಳಗ್ಗೆ ಅವಳಿನ್ನೂ ಕಣ್ಣು ಬಿಟ್ಟಿಲ್ಲ, ಒದ್ದೆ ಬಟ್ಟೆ ಮುಖದ ಮೇಲೆ ಬಿತ್ತು. ತಲೆಯಿಂದ ಕಾಲಿನತನಕ ಒರೆಸಿದ. ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಹೊರಟೇ ಬಿಟ್ಟ!

"ಅಯ್ಯೋ ಪಾಪಿ! ನಡೀಬೇಕಾದ್ದು ನಾನು ಕಣ್ಲಾ, ನೀನಲ್ಲ!"

"ಪೈಪು ಒಂದಿನಾನೂ ನಡೀನಿಲ್ಲ ಕಣವ್ವಾ, ನಾನೇ ನಡೆದದ್ದು" ಅಂತ ಜವರ ಪಿಸುಗುಟ್ಟಿದ. "ಆದ್ರೂ ಬಿಪಿ ಇಳೀತಲ್ಲ!"

ಬೀದಿ ಬೀದಿ ಸುತ್ತಿದ. ಮೇಷ್ಟ್ರ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕೆರೆ ಏರಿ ಹತ್ತುವಾಗ ಬಿದ್ದುಬಿಡ್ತೀನಿ ಅಂತ ನಿಂಗಾಜಮ್ಮ ಮಗನ ಕೊರಳನ್ನು ಗಟ್ಟಿಯಾಗಿ ತಬ್ಬಿ ಹಿಡಿದಳು. ಅವಳ ಬೆರಳು ಅವನ ದವಡೆ ಕೆಳಗೆ ಸಿಕ್ಕಿಕೊಂಡಿತು.

ಅಲ್ಲೂ ಯಾರೋ ಬಾಗಿಲು ಬಡೀತಿದ್ದರು.

ಇದು ಶುರುವಾಗಿದ್ದು ತನ್ನ ಹೊಟ್ಟೆಯೊಳಗೆ. ಇವನಿಗೆ ಏನೂ ತಿಳಿಯೋದಿಲ್ಲ, ಯಾವುದನ್ನೂ ಹೇಳದೆ ಮಾಡೋದಿಲ್ಲ ಅಂತ ಇಷ್ಟು ವರ್ಷ ಅತ್ತಳಲ್ಲ, ಇದೊಂದನ್ನು ಅವನು ಹುಟ್ಟೋ ಮುಂಚಿನಿಂದಲೂ ಯಾರೂ ಹೇಳದೆ ಮಾಡ್ತಾ ಬಂದಿದ್ದ. ನಿಂಗಾಜಮ್ಮ ಬೆರಳು ತೆಗೀಲಿಲ್ಲ. ಅವತ್ತು ಬೈಯೋದನ್ನೇ ಮರೆತಳು, ಹೊಸ ಬುದ್ಧಿ ಹೇಳೋದನ್ನೂ ಮರೆತಳು.

ಹೊಸ ಬುದ್ಧಿ ಹೇಳದ ಮೇಲೆ ಜವರ ನಿಲ್ಲಿಸೋದು ಹೇಗೆ? ಸೀದಾ ಹಿತ್ತಲಿಗೆ ಬಂದ. ಅವ್ವನನ್ನು ಹೊಂಗೆ ಮರದ ಕವಲಿಗೆ, ತಣ್ಣಗೆ ನೆರಳಲ್ಲಿ ಏರಿಸಿದ, ಮೇಲೊಂದು ದುಪ್ಪಟಿ ಹೊದಿಸಿದ, ಕೆಳಗೆ ಕಾವಲು ಕೂತ.

ಚೌಡಮ್ಮ ಕೋಳಿ ಹುಡುಕುತ್ತಾ ಬಂದು ತಲೆ ಎತ್ತಿದಳು. "ನಿಂಗಾಜಮ್ಮಾ! ಇದೇನೇ ನಿನ್ನ ಅವತಾರ, ಮರದ ಮೇಲೆ?"

ದುಪ್ಪಟಿಯೊಳಗಿಂದ ನಿಂಗಾಜಮ್ಮ ಬೆರಳು ತುಟಿಗೆ ಒತ್ತಿ ಪಿಸುಗುಟ್ಟಿದಳು:

"ಶ್! ಮೆಲ್ಲಗೆ ಮಾತಾಡೇ. ನಾನು ಮಲಗಿವ್ನಿ!"