ಹೊಂಗೋಟೆಯ ಹೆಬ್ಬಾಗಿಲು

ಹೊಳೆಯ ಮೂಡಲ ದಡದಲ್ಲಿ ಹೊಂಗೋಟೆ ಎಂಬ ದೇಶ. ಪಡುವಲ ದಡದಲ್ಲಿ ಬರಡುಸೀಮೆ ಎಂಬ ದೇಶ. ನಡುಗಡ್ಡೆಯಲ್ಲಿ ಮರುಳಯ್ಯ ಗುರುಗಳ ಮಠ.

ಆ ವರ್ಷ ಹೊಳೆ ದಿಕ್ಕು ಬದಲಿಸಿ, ಮಠದ ಪಕ್ಕದ ಕುಂಬಾರರ ಹಳ್ಳಿಯನ್ನು ನುಂಗಿತು. ನಲವತ್ತು ಮನೆಯವರು ಮಠದ ಮುಂದಿನ ಮರಳಿನ ಮೇಲೆ ಬಂದು ಕೂತರು. ಮುಂದಿನ ಮಳೆಗೆ ಆ ಮರಳೂ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವರ ಪರವಾಗಿ ಹೊನ್ನವ್ವ ಎಂಬ ವಿಧವೆ ಬಂದು ಕೈಮುಗಿದಳು. ಸೊಂಟದ ಮೇಲೆ ಮಗಳು ಸಾತಿ. ಉಬ್ಬಸದ ಮಗು, ಅದು ಉಸಿರೆಳೆದರೆ ಜಗಲಿಯಾಚೆಗೂ ಕೇಳುತ್ತಿತ್ತು.

"ಯಾವ ದಡಕ್ಕೆ ಹೋದ್ರೆ ಬದುಕ್ತೀವಿ, ಗುರುಗಳೇ?"

ಗುರುಗಳು ಶಿಷ್ಯ ಬೊಮ್ಮಯ್ಯನನ್ನು ಕರೆದರು.

"ಎರಡೂ ದೇಶದಲ್ಲಿ ಹದಿನೈದು ಹದಿನೈದು ದಿನ ಇದ್ದು ಬಾ. ಬದುಕು ಎಲ್ಲಿ ಹೇಗಿದೆ ನೋಡು. ಬಂದು ನನಗೆ ಹೇಳು."

ಬೊಮ್ಮಯ್ಯ ಹೋದ, ನೋಡಿದ, ಬಂದ. ಅವನು ಬಂದಾಗ ಗುರುಗಳು ಕೆಳಗಿನ ಊರುಗಳಿಗೆ ಭಿಕ್ಷೆಗೆ ಹೋಗಿದ್ದರು. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜಾಯಮಾನ ಬೊಮ್ಮಯ್ಯನದಲ್ಲ. ಕುಂಬಾರರು ಸುತ್ತ ಕೂತರು, ಅವನ ಬಾಯಿ ತೆರೆಯಿತು.

"ಬರಡುಸೀಮೆ ಮಾತೇ ಬೇಡ. ಹೊತ್ತಿಗೊಂದು ಲೋಟ ಅಂಬಲಿ. ನಲವತ್ತು ದಾಟಿದವರೇ ಅಪರೂಪ. ಹೊಂಗೋಟೆ ಅಂದ್ರೆ ಹೊಂಗೋಟೆ! ಕಲ್ಲು ಹಾಸಿದ ಬೀದಿ, ಮೂಲೆಮೂಲೆಗೆ ಸಿಹಿನೀರಿನ ಬಾವಿ. ಎಂಬತ್ತರ ಮುದುಕರು ಕೋಲಿಲ್ಲದೆ ನಡೀತಾರೆ."

ಹೊನ್ನವ್ವ ಕೇಳಿದ್ದು ಒಂದೇ ಮಾತು. "ಅಲ್ಲಿ ಉಬ್ಬಸಕ್ಕೆ ಔಷಧಿ ಕೊಡ್ತಾರಾ, ಅಯ್ಯಾ?"

"ನನಗೆ ಬರೀ ನೆಗಡಿ ಆಗಿತ್ತು ತಾಯಿ. ಇಬ್ಬರು ವೈದ್ಯರು ಓಡೋಡಿ ಬಂದರು."

ಅವಳ ಮುಖ ಅರಳಿದ್ದನ್ನು ಕಂಡು ಅವನೂ ಹಿಗ್ಗಿದ. ಮಾರನೆಯ ದಿನವೇ ದೋಣಿಗಳು ಮೂಡಲಿಗೆ ಹೊರಟವು.

ಗುರುಗಳು ಬಂದಾಗ ಮರಳಿನ ಮೇಲೆ ಒಲೆಯ ಕಲ್ಲುಗಳಷ್ಟೇ ಉಳಿದಿದ್ದವು. ಶಿಷ್ಯ ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು.

"ಹೋಗುವಾಗ ಏನು ಉಟ್ಟಿದ್ದೆ?"

"ಕಾವಿ, ಗುರುಗಳೇ. ಮಠದವನು ಬೇರೇನು ಉಡಲಿ?"

ಗುರುಗಳು ಜಗಲಿಯ ಮೂಲೆಗೆ ಹೋದರು. ಅಲ್ಲಿ ಕುಂಬಾರರು ಬಿಟ್ಟುಹೋಗಿದ್ದ ಒಂದು ಹರಕು ಪಂಚೆಯನ್ನು ಎತ್ತಿಕೊಟ್ಟರು. ಅದರ ತುಂಬ ಜೇಡಿಮಣ್ಣಿನ ಕಲೆ.

"ಕಾವಿ ಬಿಚ್ಚಿಡು. ಇದನ್ನು ಉಟ್ಟು ಇನ್ನೊಂದು ಸಲ ಹೋಗಿ ಬಾ."

ಬೊಮ್ಮಯ್ಯ ಮೊದಲು ಬರಡುಸೀಮೆಗೆ ಹೋದ. ಅಲ್ಲಿ ಕುಂಬಾರನನ್ನು ಯಾರೂ ತಡೆಯಲಿಲ್ಲ. ಒಬ್ಬ ಮುದುಕಿ ಒಳಗೆ ಕರೆದು ತನ್ನ ಅಂಬಲಿಯಲ್ಲಿ ಅರ್ಧ ಕೊಟ್ಟಳು. ಮೂರನೆಯ ದಿನ ಅವಳ ಸೊಸೆ ಹೆರಿಗೆಯಲ್ಲಿ ತೀರಿಕೊಂಡಳು. ವೈದ್ಯರ ಮಾತು ಹಾಗಿರಲಿ, ನೀರು ಕಾಯಿಸಲು ಸೌದೆಯೂ ಆ ಮನೆಯಲ್ಲಿರಲಿಲ್ಲ. ಆ ಅರ್ಧ ಲೋಟ ಅಂಬಲಿ ನೆನೆದು ಬೊಮ್ಮಯ್ಯ ಅತ್ತ.

ಅಲ್ಲಿಂದ ಹೊಂಗೋಟೆಗೆ ಬಂದ. ಹೆಬ್ಬಾಗಿಲಲ್ಲಿ ಅದೇ ಕಾವಲುಗಾರ. ಹಿಂದಿನ ಸಲ ಇವನ ಕಾಲು ಮುಟ್ಟಿ ನಮಸ್ಕರಿಸಿದ್ದವನು ಈಗ ಕೋಲಿನಿಂದ ತಿವಿದ.

"ಆಚೆ ಹೋಗೋ. ನಿಮ್ಮ ಜನ ಗೋಡೆ ಪಕ್ಕ ಇದ್ದಾರೆ."



ನಲವತ್ತು ಮನೆಯವರೂ ಕೋಟೆಯ ಹೊರಗೋಡೆಗೆ ಒರಗಿ ಕೂತಿದ್ದರು. ಬೆಳಿಗ್ಗೆ ಒಳಗೆ ಹೋಗಿ ಹೆಂಚು ಸುಡಬೇಕು, ಸಂಜೆ ಆಚೆ ಬರಬೇಕು. ಸಿಹಿನೀರಿನ ಬಾವಿಯೂ ವೈದ್ಯರೂ ಊರಿನವರಿಗೆ ಮಾತ್ರ. ಸಾತಿಯ ತುಟಿ ನೀಲಿಯಾಗಿತ್ತು.

ಹೊನ್ನವ್ವ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನೀವು ಹೇಳಿದ್ದೆಲ್ಲ ನಿಜ, ಅಯ್ಯಾ," ಎಂದಳು. "ಎಲ್ಲಾ ಇದೆ. ಒಳಗಿದೆ."

ಬೊಮ್ಮಯ್ಯ ಬಾಗಿಲಿಗೆ ಓಡಿದ. "ನಾನು ಮಠದವನಪ್ಪ! ನೀನೇ ನನ್ನ ಕಾಲಿಗೆ ಬಿದ್ದಿದ್ದೆ, ಮರೆತೆಯಾ? ಒಬ್ಬ ವೈದ್ಯರನ್ನು ಕಳಿಸು!"

ಕಾವಲುಗಾರ ಅವನ ಪಂಚೆ ನೋಡಿ ನಕ್ಕ.

ಹೊಳೆ ದಾಟಿ ಮಠಕ್ಕೆ ಬಂದು, ಗುರುಗಳ ಮುಖವನ್ನೂ ನೋಡದೆ, ಬೊಮ್ಮಯ್ಯ ಕಾವಿ ಸುತ್ತಿಕೊಂಡು ಮತ್ತೆ ದೋಣಿ ಹತ್ತಿದ. ಹೋಗಿ ಬರುವಷ್ಟರಲ್ಲಿ ಒಂದಿಡೀ ದಿನ ಕಳೆದಿತ್ತು.

ಈ ಸಲ ಹೆಬ್ಬಾಗಿಲು ತಾನಾಗಿ ತೆರೆಯಿತು. ಕಾವಲುಗಾರ ಉದ್ದಕ್ಕೆ ಅಡ್ಡಬಿದ್ದ. ವೈದ್ಯರು ಕರೆದ ಕೂಡಲೇ ಬಂದರು. ಗೋಡೆಯ ಪಕ್ಕ ಬಂದು, ಮೊದಲು ಬೊಮ್ಮಯ್ಯನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಮಗುವಿನ ಕೈ ಹಿಡಿದು ನೋಡಿದರು.

ಕೈ ತಣ್ಣಗಿತ್ತು.

ಹೊರಗಿನವರನ್ನು ಹೂಳಲು ಹೊಂಗೋಟೆಯಲ್ಲಿ ಜಾಗವಿರಲಿಲ್ಲ. ದೋಣಿಯಲ್ಲಿ ಪಡುವಲಿಗೆ ಒಯ್ದರು. ಬರಡುಸೀಮೆಯವರು ಯಾರು, ಎತ್ತ ಎಂದು ಕೇಳಲಿಲ್ಲ. ತಾವೇ ಗುಂಡಿ ತೋಡಿದರು. ಅವರಿಗೆ ಆ ಕೆಲಸ ಚೆನ್ನಾಗಿ ಗೊತ್ತಿತ್ತು.

ಬೊಮ್ಮಯ್ಯ ಮಠಕ್ಕೆ ಬಂದು ಕಾವಿ ಬಿಚ್ಚಿ ಗುರುಗಳ ಮುಂದಿಟ್ಟ. ಮತ್ತೆ ಆ ಹರಕು ಪಂಚೆಯನ್ನೇ ಉಟ್ಟುಕೊಂಡ.

"ನನ್ನ ಮಾತು ನಂಬಿ ಹೋದಳು, ಗುರುಗಳೇ. ಆ ಮಗುವನ್ನು ಕೊಂದವನು ನಾನು."

ಅವನು ಹೊಳೆಯ ಕಡೆ ಕೈ ತೋರಿಸಿದ.

"ಕುಂಬಾರರೆಲ್ಲ ಹೊಂಗೋಟೆ ಬಿಟ್ಟು ಬಂದು, ನಮ್ಮ ದಡದಲ್ಲಿ ದೋಣಿಯಲ್ಲೇ ಕೂತಿದ್ದಾರೆ. ಒಂದು ಕಡೆ ಬದುಕೋದಕ್ಕೆ ಬಿಡೋದಿಲ್ಲ, ಇನ್ನೊಂದು ಕಡೆ ಬದುಕೋದಕ್ಕೆ ಏನೂ ಇಲ್ಲ. ಯಾವ ದಡಕ್ಕೆ ಹೋಗೋಣ ಅಂತ ಹೊನ್ನವ್ವ ಮತ್ತೆ ಕೇಳ್ತಿದ್ದಾಳೆ. ನೀವೇ ಹೇಳಿ, ಏನು ಹೇಳಲಿ?"

ದೂರದಲ್ಲಿ ಮೊದಲ ಮಳೆಯ ಗುಡುಗು ಕೇಳಿಸಿತು.

ಮರುಳಯ್ಯ ಗುರುಗಳು ಗೋಡೆ ಹಿಡಿದು ನಿಧಾನವಾಗಿ ಎದ್ದರು. ಅರವತ್ತು ವರ್ಷ ಮೈಮೇಲಿದ್ದ ಕಾವಿಯನ್ನು ಬಿಚ್ಚಿ, ಶಿಷ್ಯನ ಕಾವಿಯ ಪಕ್ಕದಲ್ಲಿ ಮಡಚಿಟ್ಟರು.

"ಅಂಥ ಹರಕು ಪಂಚೆ ಇನ್ನೊಂದಿದ್ದರೆ ಕೊಡು, ಬೊಮ್ಮಯ್ಯ. ನಿನ್ನನ್ನು ಕಾವಿಯಲ್ಲಿ ಕಳಿಸಿದವನು ನಾನು."