ತೋಳಪ್ಪ ಹಿಡಿದದ್ದನ್ನು ಬಿಟ್ಟ ದಿನ

ಆಗಿನ್ನೂ ಮೈ ಎಂಬ ಊರು ಹೊಸದು. ರಕ್ತದ ಹೊಳೆಗೆ ಹರಿಯುವ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಗುಂಡಿಗೆ ಆಗತಾನೇ ಲಬ್‌ಡಬ್ ಕಲಿಯುತ್ತಿತ್ತು.

ಆ ಹೊಳೆಯ ದಂಡೆಯಲ್ಲಿ ಕೋಶವ್ವನ ಮನೆ. ಎಷ್ಟು ಚಿಕ್ಕ ಮನೆ ಅಂದರೆ, ಒಂದು ಸಾಸಿವೆ ಕಾಳಿನ ಮೇಲೆ ಅಂಥವನ್ನು ಸಾವಿರಾರು ಕಟ್ಟಬಹುದು. ನಗಬೇಡ ಸಾವಂತ್ರಿ, ನಿನ್ನ ಮೈಯೆಲ್ಲ ಅಂಥ ಮನೆಗಳೇ.

ಕೋಶವ್ವನಿಗೆ ಮಗಳು ಹುಟ್ಟುವುದರಲ್ಲಿದ್ದಳು. ಮಗಳಿಗೊಂದು ಕೋಣೆ ಬೇಕು, ಕೋಣೆಗೆ ಗೋಡೆ ಬೇಕು, ಗೋಡೆಗೆ ಕೊಲೆಸ್ಟ್ರಾಲ್ ಬೇಕು. ಅದಿಲ್ಲದೆ ಗೋಡೆ ನಿಲ್ಲದು. ಗೋಡೆ ನಿಲ್ಲದಿದ್ದರೆ ತಾಯಿಯೂ ಇಲ್ಲ, ಮಗಳೂ ಇಲ್ಲ.

ಕೊಲೆಸ್ಟ್ರಾಲಿಗೇನೂ ಬರವಿರಲಿಲ್ಲ. ಹೊಳೆಯ ಮೇಲ್ಗಡೆ ಲಿವರಜ್ಜ ಕೂತು ಉಂಡೆ ಕಟ್ಟಿ ಕಟ್ಟಿ ನೀರಿಗೆ ಬಿಡುತ್ತಿದ್ದ. ಅವನ್ನು ಹಿಡಿಯಲು ಕೋಶವ್ವ ಬಾಗಿಲಲ್ಲಿ ತೋಳಪ್ಪನೆಂಬ ಆಳನ್ನು ನಿಲ್ಲಿಸಿದಳು. ಅವನಿಗೆ ಇದ್ದದ್ದು ಒಂದೇ ಕೈ, ಆದರೆ ಒನಕೆಯಂಥ ಕೈ.

"ಯವ್ವಾ, ನಾ ಹಿಡದದ್ದು ಬಿಡಾಂವಲ್ಲ!" ಎಂದು ಜಂಬ ಕೊಚ್ಚಿದ. ಹೇಳಿದಂತೆಯೇ ತೇಲಿ ಬಂದ ಉಂಡೆಯನ್ನು ಗಪ್ಪನೆ ಹಿಡಿದ. ಬಾಗಿಲು ಒಳಕ್ಕೆ ಕುಳಿಬಿದ್ದು, ಉಂಡೆ ಸಮೇತ ಅವನನ್ನು ಒಳಗೆಳೆದುಕೊಂಡಿತು.

"ಶಾಣ್ಯಾ ಅದಿ. ಈಗ ಬಿಡು," ಎಂದಳು ಕೋಶವ್ವ.

ತೋಳಪ್ಪ ಬಿಡಲು ಹೋದ. ಆಗಲಿಲ್ಲ! ಹಿಡಿಯುವುದು ಕಲಿತಿದ್ದ ಮಹಾರಾಯ, ಬಿಡುವುದು ಕಲಿತೇ ಇರಲಿಲ್ಲ. ಕೋಶವ್ವ ಕಚಗುಳಿ ಇಟ್ಟಳು, ಬಿಡಲಿಲ್ಲ. ಗದರಿದಳು, ಬಿಡಲಿಲ್ಲ. ದಮ್ಮಯ್ಯ ಅಂದಳು, ಬಿಡಲಿಲ್ಲ.

ಹೊರಗೆ ಹೊಳೆ ಕೂಗಿತು: "ಏ ಕೋಶವ್ವಾ, ಬಾಗಿಲದಾಗ ಯಾರೂ ಇಲ್ಲಲ್ಲ! ಉಂಡಿ ತುಂಬಿ ನನ್ನ ದಂಡಿಗೆಲ್ಲ ಅಂಟಾಕತ್ತಾವ, ಹರಿಯಾಕ ದಾರಿ ಇಲ್ಲ!"

ಒಳಗೆ ಕೋಶವ್ವನಿಗೆ ನಡುನೋವು ಶುರುವಾಯಿತು. ಮಗಳು ಬರುವ ಹೊತ್ತು. ತೋಳಪ್ಪ ಗೋಳೋ ಎಂದು ಅತ್ತ. "ನನ್ನಿಂದ ನಿನ್ನ ಮನಿ ಕೆಟ್ಟಿತವ್ವಾ!"

ಅಯ್ಯೋ ಪಾಪ! ಅವನ ಕಣ್ಣೀರು ನೋಡಿ ಕೋಶವ್ವ ತನ್ನ ನೋವನ್ನೇ ಮರೆತಳು. "ಅಳಬ್ಯಾಡೋ ನನ್ನಪ್ಪಾ, ಪಾನಕ ಮಾಡಿ ಕೊಡ್ತೀನಿ ತಡಿ," ಎಂದು ಹುಣಸೆಹಣ್ಣು ಕಿವುಚಿದಳು. ಗಡಿಬಿಡಿಯಲ್ಲಿ ಬೆಲ್ಲ ಹಾಕುವುದನ್ನೇ ಮರೆತಳು.

ತೋಳಪ್ಪ ಒಂದು ಗುಟುಕು ಕುಡಿದ. ಅಬ್ಬಬ್ಬಾ ಹುಳಿ! ಕಣ್ಣು ಮುಚ್ಚಿತು, ಮೂತಿ ಸೊಟ್ಟಗಾಯಿತು, ಭುಜ ಕಿವಿಗೆ ತಾಗಿತು. ಮೈ ಮುದುಡಿದ ರಭಸಕ್ಕೆ ಬೆರಳು ಸಡಿಲಾಗಿ ಉಂಡೆ ದೊಪ್ಪೆಂದು ಬಿತ್ತು.

ಕೋಶವ್ವ ಉಂಡೆ ಒಡೆದಳು, ಗೋಡೆ ಮೆತ್ತಿದಳು. ಗೋಡೆ ನಿಂತಿತು, ಮಗಳು ಹುಟ್ಟಿದಳು. ಒಂದು ಮನೆ ಇದ್ದಲ್ಲಿ ಎರಡು ಮನೆಯಾಯಿತು! ತೋಳಪ್ಪನೋ, ಬರಿಗೈ ಕುಣಿಸುತ್ತ ಬಾಗಿಲಿಗೆ ಓಡಿ ಇನ್ನೊಂದು ಉಂಡೆ ಹಿಡಿದ. ಹೊಳೆ ಹಗುರಾಗಿ ಹರಿಯಿತು.

ಅಂದಿನಿಂದ ಆ ಮನೆಗಳಲ್ಲಿ ಪಾನಕಕ್ಕೆ ಬೆಲ್ಲ ಹಾಕುವ ಪದ್ಧತಿಯೇ ಇಲ್ಲ. ತೋಳಪ್ಪನ ವಂಶದವರು ಉಂಡೆ ಹಿಡಿದು ಒಳಗೆ ಹೋಗುತ್ತಾರೆ, ಹುಳಿ ತಾಗಿದೊಡನೆ ಬಿಡುತ್ತಾರೆ, ಮತ್ತೆ ಬಾಗಿಲಿಗೆ ಬರುತ್ತಾರೆ. ಮನೆಯ ಪಕ್ಕ ಮನೆ, ಅದರ ಪಕ್ಕ ಮತ್ತೊಂದು ಮನೆ ಏಳುತ್ತಲೇ ಇರುತ್ತದೆ. ಹೋದ ವರ್ಷ ಹೊಲಿಸಿದ ನಿನ್ನ ಫ್ರಾಕು ಈ ವರ್ಷ ಮೊಣಕಾಲು ಮುಟ್ಟುತ್ತಿಲ್ಲವಲ್ಲ ಸಾವಂತ್ರಿ, ಅದಕ್ಕೆ ದರ್ಜಿಯನ್ನು ಬೈಯಬೇಡ.